ಫುಲ್‌ಸ್ಟಾಪ್ ಇಲ್ಲದ ಮೆಸೇಜು

ಗಂಗೊಳ್ಳಿಯ ಮೀನು ವ್ಯಾಪಾರದ ಕಚೇರಿಯೊಂದಕ್ಕೆ ನಾನು ಸೇರಿ ಎರಡು ವರ್ಷವಾಗಿತ್ತು. ಲಾರಿ ಚಾಲಕರಿಗೆ ಮೆಸೇಜು ಕಳಿಸುವುದು ನನ್ನ ಕೆಲಸ. ಅವರಲ್ಲೊಬ್ಬರು ಕೇರಳದವರು, ನನ್ನ ಅಪ್ಪನ ವಯಸ್ಸಿನವರು. ನಮ್ಮಿಬ್ಬರಿಗೂ ಬರುತ್ತಿದ್ದ ಭಾಷೆ ಇಂಗ್ಲಿಷ್ ಒಂದೇ.

ಒಂದು ಬೆಳಿಗ್ಗೆ ಅವರು ಬಂಗುಡೆ ಮೀನು ತುಂಬಿಕೊಂಡು ಬ್ರಹ್ಮಾವರದ ನಮ್ಮ ಕೋಲ್ಡ್ ಸ್ಟೋರೇಜಿಗೆ ಹೊರಟರು. ನಾನು ಬಂದರಿಗೆ ಓಡುವ ಗಡಿಬಿಡಿಯಲ್ಲಿ ಬರೆದೆ: ‘ಅನ್‌ಲೋಡ್ ದ ಫಿಶ್ ಇಫ್ ದ ಐಸ್ ಹ್ಯಾಸ್ ಮೆಲ್ಟೆಡ್ ಕಾಲ್ ಮಿ’. ಮೀನು ಇಳಿಸಿ, ಐಸ್ ಕರಗಿದ್ದರೆ ಫೋನ್ ಮಾಡಿ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಅವರು ಓದಿಕೊಂಡದ್ದು, ಐಸ್ ಕರಗಿದ್ದರೆ ಮಾತ್ರ ಮೀನು ಇಳಿಸಿ, ಫೋನ್ ಮಾಡಿ ಎಂದು. ಐಸ್ ಕರಗಿರಲಿಲ್ಲ. ಅವರು ಇಳಿಸಲಿಲ್ಲ. ಫೋನ್ ಮಾಡಿದ್ದರು, ಬೋಟುಗಳ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಮಧ್ಯಾಹ್ನದ ಬಿಸಿಲು ಏರಿ, ಲಾರಿಯೊಳಗಿನ ಮೀನು ಮೆತ್ತಗಾಯಿತು.

ಸಾಹುಕಾರರು ನನ್ನೆದುರೇ ಅವರಿಗೆ ಫೋನಿನಲ್ಲಿ ಬೈದರು. ತಪ್ಪು ಅವರದ್ದೇ ಎಂದು ನಾನೂ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಚಾಲಕರು ನನ್ನ ಮೆಸೇಜನ್ನೇ ನನಗೆ ವಾಪಸು ಕಳಿಸಿದರು. ಜೊತೆಗೆ ಒಂದಕ್ಷರವೂ ಇರಲಿಲ್ಲ. ಓದಿದೆ. ಅವರು ತಿಳಿದುಕೊಂಡಂತೆಯೂ ಅದನ್ನು ಓದಬಹುದಿತ್ತು.

“ತಪ್ಪು ಅವ್ರದ್ದಲ್ಲ, ನಂದೇ,” ಎಂದು ಸಾಹುಕಾರರಿಗೆ ಮೊಬೈಲು ತೋರಿಸಿದೆ.

ಅವರು ಎರಡು ಸಲ ಓದಿದರು. “ಎಂತ ಮಾರಾಯ್ತಿ, ಮಧ್ಯ ಒಂದ್ ಚುಕ್ಕಿ ಇಡುಕಾಯ್ಲಿಲ್ಯಾ? ನಾನ್ ಅವ್ರಿಗೆ ಸುಮ್ನೆ ಬೈದೆ ಅಲ್ದಾ! ನೀನೇ ಫೋನ್ ಮಾಡಿ ಹೇಳ್. ಕಡಿಗೆ ನಂಗ್ ಕೊಡ್.”

ನಾನು ಫೋನ್ ಮಾಡಿ ಹೇಳಿದಾಗ ಚಾಲಕರು ಸಿಟ್ಟಾಗಲಿಲ್ಲ. ಲಾರಿಯಲ್ಲಿ ಕೂತು ನಾಲ್ಕೈದು ಸಲ ಓದಿದೆ, ಒಂದು ಮಾತು ಎಲ್ಲಿ ಮುಗಿಯಿತೆಂದೇ ತಿಳಿಯಲಿಲ್ಲ ಎಂದರು. ಆಮೇಲೆ ಸಾಹುಕಾರರು ಫೋನು ತೆಗೆದುಕೊಂಡು, ತಮ್ಮ ಮುಂಬಯಿ ಹಿಂದಿಯಲ್ಲಿ ಕ್ಷಮೆ ಕೇಳಿದರು.

ಶಾಲೆಯಲ್ಲಿ ಇಂಥ ತಪ್ಪಿಗೆ ಅರ್ಧ ಅಂಕ ಹೋಗುತ್ತಿತ್ತು, ಅಷ್ಟೇ. ಆ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ಬಹಳ ಯೋಚಿಸಿದೆ. ಕನ್ನಡದಲ್ಲಿ ‘ಕರಗಿದ್ದರೆ’ ಎಂದರೆ ಸಾಕು, ಆ ಪದವೇ ಮುಂದಿನ ಮಾತಿನ ಕೈ ಹಿಡಿಯುತ್ತದೆ. ಇಂಗ್ಲಿಷಿನ ‘ಇಫ್’ ಹಿಂದಿನದಕ್ಕೂ ಅಂಟಬಹುದು, ಮುಂದಿನದಕ್ಕೂ ಅಂಟಬಹುದು. ಯಾವುದಕ್ಕೆಂದು ಬರೆದವರೇ ಹೇಳಬೇಕು. ನಾನು ಕನ್ನಡದ ಕಿವಿಯಲ್ಲಿ ಕೇಳಿಕೊಂಡು ಇಂಗ್ಲಿಷ್ ಬರೆದಿದ್ದೆ.

ಮರುವಾರ ಅವರು ಬಂದಾಗ ಚಹಾ ಕೊಟ್ಟು, ಮುಖ ನೋಡಿ ಸಾರಿ ಕೇಳಿದೆ. ಅವರು ನಕ್ಕು, ಎರಡು ಬೆರಳು ತೋರಿಸಿದರು: ಎರಡು ಮಾತಿದ್ದರೆ ಎರಡು ಮೆಸೇಜು. ಈಗಲೂ ಹಾಗೆಯೇ ಕಳಿಸುತ್ತೇನೆ.