ಟಗರು ಮಾಡಿಸಿದ ಕರಾರು

ಟಗರು ತಲೆ ತಗ್ಗಿಸಿ ನುಗ್ಗಿದ್ದಷ್ಟೇ ಗೊತ್ತು, ನಾನು ಹೊಂಗೆ ಮರದ ಮೇಲಿದ್ದೆ. ಬಂಗಾರಪೇಟೆ ಹತ್ತಿರದ ನಮ್ಮ ಹೊಲವನ್ನು ಈ ವರ್ಷ ಗುತ್ತಿಗೆಗೆ ಪಡೆದ ಮುನಿಯಮ್ಮ, ಗೊಬ್ಬರಕ್ಕೆಂದು ಅಲ್ಲಿ ಕುರಿಗಾಹಿಯೊಬ್ಬನ ಮಂದೆ ನಿಲ್ಲಿಸಿದ್ದರು. ವರ್ಷಕ್ಕೊಬ್ಬರಿಗೆ ಹೊಲ ಕೊಡುವ ನಮಗೆ ಮಂದೆ ಹೊಸದು.

ಮುನಿಯಮ್ಮ ಎಲೆಯಡಿಕೆ ಜಗಿಯುತ್ತಾ ಮರದ ಕೆಳಗೆ ಬಂದು ನಿಂತರು.

“ಕುರಿಗೊಬ್ಬರದ ಸತ್ವ ಮೂರು ವರ್ಸ ಇರ್ತದೆ ಸಾಮಿ. ಮುಂದಿನ ವರ್ಸ ಒಲ ಇನ್ನೊಬ್ಬರ ಪಾಲಾಗೋದಾದ್ರೆ ಈಗ್ಲೇ ಅಂದ್ಬಿಡಿ. ಮಂದೆ ಎಬ್ಬಿಸಿ ಯೂರಿಯಾ ಎರಚ್ತೀನಿ.”

“ಮೂರು ವರ್ಷ ನಿಮಗೇ ಅಕ್ಕ, ಮೊದಲು ಟಗರು ಹಿಡೀರಿ.”

“ಒಸಿ ಜೋರಾಗನ್ನಿ, ಕುರಿಯೋನೂ ಕೇಳಿಸ್ಕಳ್ಳಿ.”

ಕಾಗದ ಮೂರು ವರ್ಷಕ್ಕೇ ಬರೆದುಕೊಟ್ಟೆ. ಮೊನ್ನೆ ಪಕ್ಕದ ಹೊಲದವರು “ಬರುವ ವರ್ಷ ನಮಗೆ ಕೊಡಿ” ಎಂದು ಬಂದರು. “ಮುನಿಯಮ್ಮ ಗೊಬ್ಬರ ಹಾಕಿಸಿದ ನೆಲ, ಅವರನ್ನೇ ಕೇಳಿ” ಎಂದು ಜಾರಿಕೊಂಡೆ.