ಮಾಸ್ತರರು ಕಂಡ ನೀರು

ನಮ್ಮ ಡ್ರಾಯಿಂಗ್ ಮಾಸ್ತರರ ಬಲಗಣ್ಣಿನ ಸುತ್ತ ಕಪ್ಪು ಬಳೆಯಂಥ ಕಲೆಯಿತ್ತು. ವರ್ಷಗಟ್ಟಲೆ ಕ್ಯಾಮೆರಾ ಒತ್ತಿ ಹಿಡಿದು ಆದದ್ದು. ಬೆಟಗೇರಿಯ ನಮ್ಮ ಓಣಿಯವರು ಮದುವೆ ಫೋಟೋ ತೆಗೆಯಲು ಕರೆದರೆ ಹೋಗುತ್ತಿರಲಿಲ್ಲ. ಅವರಿಗೆ ಬೇಕಾದದ್ದು ನೀರು ಮತ್ತು ಐಸು. ಐಸಿನ ಗಡ್ಡೆ ತರಿಸಿ, ಅಂಗಳದ ಬಿಸಿಲಿಗಿಟ್ಟು, ಒಳಗಿನ ಬಿಳಿ ಗೆರೆಗಳು ಬಿರಿಯುವುದನ್ನು ಕಾಯುತ್ತ ಮೊಣಕಾಲೂರಿ ಕೂಡುತ್ತಿದ್ದರು. ಫೋಟೋದಲ್ಲಿ ಅದು ಐಸೆಂದು ಗೊತ್ತೇ ಆಗುತ್ತಿರಲಿಲ್ಲ. ಎತ್ತರದಿಂದ ಕಂಡ ಹೊಳೆಗಳಂತೆ, ಬೇರುಗಳಂತೆ ಇರುತ್ತಿತ್ತು. ಇದೇನೆಂದು ಕೇಳಿದವರಿಗೆ, ಮೊದಲು ನೋಡ್ರಿ, ಹೆಸರು ಆಮ್ಯಾಲೆ ಅನ್ನುತ್ತಿದ್ದರು.

ನಿವೃತ್ತರಾದ ಮೇಲೆ ಅವರ ಕಣ್ಣಿನ ನರ ಒಣಗತೊಡಗಿತು. ಹೋದ ದೃಷ್ಟಿ ಮರಳುವುದಿಲ್ಲ, ಇದ್ದದ್ದೂ ಬಹಳ ದಿನ ಉಳಿಯಲಿಕ್ಕಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಅಂದಿನಿಂದ ಮಾಸ್ತರರಿಗೆ ಊಟ, ನಿದ್ದೆ ಬೇಡವಾದವು. ಹೆಂಡತಿ ಅತ್ತರೂ ಕೇಳಲಿಲ್ಲ. ನಾನು ಅವರ ಹಳೆಯ ವಿದ್ಯಾರ್ಥಿನಿ, ಅದೇ ಶಾಲೆಯಲ್ಲಿ ಈಗ ಶಿಕ್ಷಕಿ. ರಜೆ ಬಂದರೆ ಸಾಕು, ಕ್ಯಾಮೆರಾ ಹಿಡಿದು ನನ್ನ ಸ್ಕೂಟರಿನ ಹಿಂದೆ ಕೂತುಬಿಡುತ್ತಿದ್ದರು.

ಒಮ್ಮೆ ಮಳೆಗಾಲದಲ್ಲಿ ಡಂಬಳದ ಕೆರೆಗೆ ಹೋದೆವು. ಗಾಳಿಗೆ ನೀರಿನ ಮೇಲೆ ಸಣ್ಣ ನಿರಿಗೆಗಳು ಏಳುತ್ತಿದ್ದವು. ದಂಡೆಯಿಂದ ಕಾಣುವುದಿಲ್ಲವೆಂದು ಮಾಸ್ತರರು ನೀರಿಗಿಳಿದರು. ಸೊಂಟಮಟ್ಟ, ಆಮೇಲೆ ಎದೆಮಟ್ಟ. ಕೂಗಿದರೂ ತಿರುಗಲಿಲ್ಲ. ನಾನೂ ಇಳಿದು ಅವರ ಅಂಗಿ ಹಿಡಿದೆಳೆದೆ. ಆಗಲೂ ಕ್ಯಾಮೆರಾ ಅವರ ಕಣ್ಣಿನಿಂದ ಸರಿಯಲಿಲ್ಲ.

"ಬಿಡ ಯವ್ವಾ," ಎಂದರು. "ಇನ್ನೂ ಒಂದೀಟು ಕಾಣಾಕತ್ತೈತಿ. ನಾಳಿ ಇದೂ ಇರೂದಿಲ್ಲ."

ಆ ಮಳೆಗಾಲ ಮುಗಿಯುವುದರೊಳಗೆ ಎರಡೂ ಕಣ್ಣು ಹೋದವು. ಆದರೂ ಐಸು ತರಿಸುವುದು ನಿಲ್ಲಲಿಲ್ಲ. ಬೆರಳು ಮರಗಟ್ಟುವವರೆಗೂ ಬಿರುಕುಗಳನ್ನು ಸವರಿ, ಅಂದಾಜಿನ ಮೇಲೆ ಫೋಟೋ ತೆಗೆಯುತ್ತಿದ್ದರು. ಹೆಂಗ ಬಂದೈತಿ ಎಂದು ಕೇಳಿದಾಗ, ಬರೀ ಮಸುಕೆಂದು ಇದ್ದದ್ದನ್ನೇ ಹೇಳಿದೆ. ಮಾಸ್ತರರು ತಡವುತ್ತ ಕ್ಯಾಮೆರಾವನ್ನು ನನ್ನ ಮಡಿಲಲ್ಲಿಟ್ಟರು.

ಅಂದಿನಿಂದ ನಾನು ಫೋಟೋ ತೆಗೆದು ತಂದು, ಪಕ್ಕದಲ್ಲಿ ಕೂತು ಅದರಲ್ಲಿ ಕಂಡದ್ದನ್ನು ಹೇಳತೊಡಗಿದೆ. ಚಂದ ಐತ್ರಿ ಎಂದರೆ ಸಿಟ್ಟಾಗುತ್ತಿದ್ದರು.

"ಚಂದ ಅನ್ನಬ್ಯಾಡ. ಗೆರಿ ಎಲ್ಲಿಂದ ಹೊಂಟೈತಿ, ಎಲ್ಲಿ ಒಡದೈತಿ, ಅದನ್ನ ಹೇಳು."

ಹೇಳಬೇಕಾದಾಗಲೇ ತಿಳಿದದ್ದು, ನಾನು ಅಲ್ಲಿಯವರೆಗೆ ಏನನ್ನೂ ಸರಿಯಾಗಿ ನೋಡಿರಲಿಲ್ಲವೆಂದು. ಇಂದು ನನ್ನ ಕಣ್ಣಿಗೆ ಏನಾದರೂ ಕಂಡರೆ ಅದು ಅವರ ಋಣ.

ಹೋದ ಬೇಸಿಗೆಯಲ್ಲಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಕೆರೆಯ ಫೋಟೋ ನೋಡುತ್ತ, ನೀರಿನ ಮೇಲೆ ನಿರಿಗೆಯ ಗೆರೆ ಎಲ್ಲಿಂದ ಹೊರಟಿದೆಯೆಂದು ಹೇಳುತ್ತಿದ್ದೆ. ನನ್ನ ಕೈಯಲ್ಲಿದ್ದ ಅವರ ಬೆರಳು ನಡುವೆಯೇ ಸಡಿಲಾದವು. ಉಸಿರು ನಿಂತಿತ್ತು. ನಾನು ಮಾತು ನಿಲ್ಲಿಸಿದೆ. ಅವರ ಹೆಂಡತಿ ನನ್ನ ಭುಜ ಮುಟ್ಟಿ, "ಪೂರಾ ಹೇಳವಾ," ಎಂದರು.

ಗೆರೆ ದಂಡೆ ಮುಟ್ಟುವವರೆಗೂ ಹೇಳಿದೆ.