ಗೇರುಸೊಪ್ಪದಲ್ಲಿ ಆದ ಅಂತರಾಯ

ಸಮುದ್ರ ನೋಡಲು ಹೊರಟವರು ಬ್ಯಾಗಿನಲ್ಲಿ ಟವೆಲ್ಲು, ಚಡ್ಡಿ ತುಂಬಿಕೊಳ್ಳುತ್ತಾರೆ. ಶೇಡಬಾಳದ ತ್ರಿಶಲಾ ತುಂಬಿಕೊಂಡದ್ದು ಮನೆಯಲ್ಲೇ ಬೀಸಿದ ಹಿಟ್ಟು, ಹಸನು ಮಾಡಿದ ಅಕ್ಕಿ, ಸಣ್ಣದೊಂದು ಗ್ಯಾಸಿನ ಒಲೆ ಮತ್ತು ನೀರು ಸೋಸುವ ದಪ್ಪ ಅರಿವೆ. ಜೊತೆಗೆ ಗೊಬ್ಬರದ ಅಂಗಡಿ ಮುಚ್ಚಿ ಬಂದ ಗಂಡ ಶ್ರೇಣಿಕ, ಕಾರು ಓಡಿಸಲು ಮಗ ವೃಷಭ, ಮತ್ತೆ ಮಗಳು ಮಯೂರಿ. ಬೇರೆ ಮನೆಯಲ್ಲಾಗಿದ್ದರೆ ಇದನ್ನು ಟ್ರಿಪ್ಪು ಅಂತ ಕುಣಿದಾಡಿ ಹೇಳುತ್ತಿದ್ದರು. ಇವರ ಮನೆಯಲ್ಲಿ ಇದಕ್ಕೆ ಯಾರೂ ಹೆಸರು ಹಚ್ಚಲಿಲ್ಲ. ಮಯೂರಿ ಜೈನ ಸನ್ಯಾಸದ ದೀಕ್ಷೆ ತಗೊಳ್ಳುವವಳಿದ್ದಳು. ಅದಕ್ಕೂ ಮುಂಚೆ ಒಮ್ಮೆ ಸಮುದ್ರ ನೋಡಲಿ ಅಂತ ಅಪ್ಪನ ಆಸೆ.

ದೀಕ್ಷೆಯಾದ ಮೇಲೆ ಬಿಳಿ ಸೀರೆಯುಟ್ಟು ಸನ್ಯಾಸಿನಿಯರ ಸಂಘದ ಜೊತೆ ಊರೂರು ನಡೆಯಬೇಕು. ಗಾಡಿ ಹತ್ತುವಂತಿಲ್ಲ, ಮನೆ ಅನ್ನುವಂತಿಲ್ಲ. ಅದಕ್ಕೇ ತಂದೆ ತಾಯಿ ಇಬ್ಬರೂ ಒಪ್ಪಿಗೆ ಕೊಡಬೇಕು. ಶ್ರೇಣಿಕ ಅತ್ತು, ಬೈದು, ಎರಡು ದಿನ ಅಂಗಡಿ ತೆರೆಯದೆ ಕೂತು, ಕೊನೆಗೆ ಒಪ್ಪಿದ್ದ. ತ್ರಿಶಲಾ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅಂತಲೂ ಅನ್ನಲಿಲ್ಲ. ಸಮುದ್ರ ನೋಡಿ ತಿರುಗಿ ಬರುವಷ್ಟರಲ್ಲಿ ಹೇಳಿಬಿಡಿ ಅಂತ ಸಂಘದವರು ಕೇಳಿಕೊಂಡಿದ್ದರು.

ಊರಿನ ಹೆಂಗಸರೋ, ಒಪ್ಪಿಗೆ ಸಿಕ್ಕೇಬಿಟ್ಟಿತು ಅನ್ನುವ ಹಾಗೆ ಬಂದು ಬಂದು ಅವಳ ಕಾಲು ಮುಟ್ಟುತ್ತಿದ್ದರು. "ಎಂಥಾ ಪುಣ್ಯವಂತಿರಿ ನೀವು" ಅನ್ನುವರು. ಇವಳು "ಹೌದ್ರಿ" ಅಂದು ಚಹಾಕ್ಕೆ ಇಡುವಳು. ಮಗಳು ವಿಷಯ ಹೇಳಿದ ದಿನದಿಂದ ಅವಳ ಒಳಗೆ ಏನೂ ಇರಲಿಲ್ಲ. ಸಿಟ್ಟಿಲ್ಲ, ಅಳುವಿಲ್ಲ, ಹೆಮ್ಮೆಯಂತೂ ಇಲ್ಲವೇ ಇಲ್ಲ. ಕೈ ಜೋಮು ಹಿಡಿದಾಗ ಚಿವುಟಿ ನೋಡಿಕೊಳ್ಳುತ್ತೇವಲ್ಲ, ಹಾಗೆ ಅವಳು ದಿನಾ ತನ್ನ ಮನಸ್ಸನ್ನು ಚಿವುಟಿ ನೋಡುತ್ತಿದ್ದಳು. 'ಮಗಳು ಹೊಂಟಾಳ' ಅಂತ ಮನಸ್ಸಿನಲ್ಲೇ ಅಂದುಕೊಳ್ಳುವಳು. ಏನೂ ಆಗುತ್ತಿರಲಿಲ್ಲ. ಇಂಥ ತಾಯಿ ಹ್ಞೂಂ ಅಂದರೆಷ್ಟು, ಬಿಟ್ಟರೆಷ್ಟು ಅಂತ ಅವಳಿಗೇ ಅನಿಸಿಬಿಟ್ಟಿತ್ತು.

ಹೊನ್ನಾವರದ ಹತ್ತಿರ ದಂಡೆಗೆ ಅಂಟಿಕೊಂಡೇ ಒಂದು ಮನೆ ಬಾಡಿಗೆಗೆ ಹಿಡಿದಿದ್ದರು. ಬಾವಿಯಿತ್ತು, ನಳದ ನೀರು ನಡೆಯದ ಮಯೂರಿಯ ಊಟಕ್ಕೆ ಅದೇ ದೊಡ್ಡ ಅನುಕೂಲ. ಮೊದಲ ದಿನ ಸಂಜೆ ನಾಲ್ವರೂ ಮರಳಿನ ಮೇಲೆ ಸಾಲಾಗಿ ನಿಂತರು. ಕೊಡ ಕೊಡ ನೀರನ್ನೂ ಸೋಸಿ ಕುಡಿಯುವ ಜನ ಇಷ್ಟು ನೀರಿನ ಮುಂದೆ ಏನು ಮಾಡಬೇಕು, ಪಾಪ!

"ಇದನ್ನ ಸೋಸಬೇಕಂದ್ರ ಎಷ್ಟ ಮಾರ ಅರಿವೆ ಬೇಕಾದೀತಲೇ ವೃಷಭ?" ಅಂದ ಶ್ರೇಣಿಕ. ನಗಿಸಲು ಅವನು ಬಹಳ ಕಷ್ಟಪಡುತ್ತಿದ್ದ.

"ನಿಪ್ಪಾಣಿ ಪ್ಯಾಟಿ ಪೂರಾ ತರಬೇಕಾಗತೈತಿ ಪಪ್ಪಾ."

ಮಯೂರಿ ನೀರಿಗೆ ಇಳಿಯಲಿಲ್ಲ. ನೀರಿನಲ್ಲಿರುವ ಸಣ್ಣ ಜೀವಗಳಿಗೆ ತನ್ನ ಆಟದಿಂದ ತೊಂದರೆ ಯಾಕೆ ಅಂತ ದೂರವೇ ನಿಂತಳು. ಆದರೆ ಒಂದು ದೊಡ್ಡ ತೆರೆ ತಾನಾಗೇ ಬಂದು ಅವಳ ಮೊಣಕಾಲಿನವರೆಗೆ ತೋಯಿಸಿ ಹೋಯಿತು. "ನಾ ಹೋಗಿಲ್ಲವ್ವಾ, ಅದs ಬಂತು!" ಅಂತ ಚಿಕ್ಕವಳ ಹಾಗೆ ಕೂಗಿ ನಕ್ಕಳು. ಶ್ರೇಣಿಕ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ತ್ರಿಶಲಾ ಮಗಳ ಸೀರೆಯ ಅಂಚು ಹಿಂಡಿದಳು, ಚಪ್ಪಲಿಯ ಮರಳು ಕೊಡವಿದಳು. ಒಳಗೆ ಆಗಲೂ ಏನಿಲ್ಲ.

ಮರುದಿನ ಗೇರುಸೊಪ್ಪಕ್ಕೆ ಹೋದರು. ಕಾಡಿನ ನಡುವೆ ಹಳೆಯ ಪಟ್ಟಣವೊಂದು ಹಾಳಾಗಿ ಬಿದ್ದ ಜಾಗ. ಅಲ್ಲಿ ಕರಿಗಲ್ಲಿನ ಚತುರ್ಮುಖ ಬಸದಿ. ನಾಲ್ಕು ಕಡೆ ನಾಲ್ಕು ಬಾಗಿಲು, ಯಾವ ಬಾಗಿಲಿನಿಂದ ಹೋದರೂ ತೀರ್ಥಂಕರರ ಮುಖವೇ ಎದುರಾಗುತ್ತದೆ. ಮಯೂರಿ ಕೈಮುಗಿದು ಸುತ್ತು ಹಾಕಿದಳು. ತ್ರಿಶಲಾ ಒಂದು ಬಾಗಿಲಲ್ಲಿ ನಿಂತು, ಇಷ್ಟು ದೊಡ್ಡ ಊರಿನ ತಾಯಂದಿರೆಲ್ಲ ಎಲ್ಲಿ ಹೋದರು ಅಂತ ಒಮ್ಮೆ ಯೋಚಿಸಿದಳು. ಆಮೇಲೆ ಅಡಿಗೆಗೆ ಹೊತ್ತಾಗುತ್ತದೆ ಅಂತ ಹೊರಗೆ ಬಂದಳು.

ಮಯೂರಿ ಆಗಲೇ ಸಂಘದ ಶಿಸ್ತು ರೂಢಿ ಮಾಡಿಕೊಳ್ಳುತ್ತಿದ್ದಳು. ದಿನಕ್ಕೆ ಒಂದೇ ಊಟ, ನೀರೂ ಆ ಹೊತ್ತಿಗೇ. ಅದೂ ತಟ್ಟೆಯಲ್ಲಲ್ಲ, ಬೊಗಸೆಯಲ್ಲಿ. ಊಟದ ನಡುವೆ ಕೂದಲೋ ಹುಳವೋ ಕಂಡರೆ ಅದಕ್ಕೆ ಅಂತರಾಯ ಅನ್ನುತ್ತಾರೆ. ಅಲ್ಲಿಗೆ ಊಟ ಬಂದ್, ಮರುದಿನದವರೆಗೆ ಹನಿ ನೀರೂ ಇಲ್ಲ.

ಕಾವಲುಗಾರನನ್ನು ಕೇಳಿಕೊಂಡು ಬೇಲಿಯಾಚೆ ಅವನ ಶೆಡ್ಡಿನಲ್ಲಿ ಒಲೆ ಹಚ್ಚಿದರು. ಅನ್ನ, ತೊವ್ವೆ, ಹೆಸರುಕಾಳಿನ ಪಲ್ಯ, ಹಾಲು. ಮಯೂರಿ ಮಣೆಯ ಮೇಲೆ ಕೂತು ಬೊಗಸೆ ಒಡ್ಡಿದಳು. ತ್ರಿಶಲಾ ರೂಢಿಯಂತೆ ಕೈಮುಗಿದು, ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ ಅಂದಳು. ಹೆತ್ತ ಮಗಳ ಮುಂದೆ ನಿಂತು ಹಾಗೆ ಅನ್ನುವಾಗ ಯಾವ ತಾಯಿಯ ದನಿಯಾದರೂ ನಡುಗಬೇಕು. ಅವಳದು ನಡುಗಲಿಲ್ಲ.

ಮೊದಲು ನೀರು ಹಾಕಿದಳು. ಆಮೇಲೆ ಒಂದು ತುತ್ತು, ಇನ್ನೊಂದು. ಮೂರನೆಯದನ್ನು ಬೊಗಸೆಯಲ್ಲಿಟ್ಟಾಗ ಅನ್ನದೊಳಗೆ ಒಂದು ಕೂದಲು ಕಂಡಿತು. ಉದ್ದ, ಕಪ್ಪು. ತ್ರಿಶಲಾಳ ತಲೆ ಅರ್ಧ ಬೆಳ್ಳಗಾಗಿತ್ತು. ಅದು ಮಯೂರಿಯದೇ ಕೂದಲು. ಬೆಳಿಗ್ಗೆ ಅವ್ವನೇ ಎಣ್ಣೆ ಹಚ್ಚಿ ಹೆಣೆದ ಜಡೆ, ದೀಕ್ಷೆಯ ದಿನ ಎಳೆ ಎಳೆಯಾಗಿ ಕೈಯಿಂದಲೇ ಕಿತ್ತುಹಾಕಲಿರುವ ಜಡೆ.

ಮಯೂರಿ ಕಣ್ಣು ತಗ್ಗಿಸಿ ಬೊಗಸೆ ಬಾಯಿಗೆ ಎತ್ತುತ್ತಿದ್ದಳು. ಅವಳು ನೋಡಿರಲಿಲ್ಲ. ಶ್ರೇಣಿಕ ನೋಡಿರಲಿಲ್ಲ. ಬೆರಳ ತುದಿಯಲ್ಲಿ ಎಳೆದು ಸೆರಗಿಗೆ ಒರೆಸಿಕೊಂಡಿದ್ದರೆ ಅಲ್ಲಿಗೆ ಮುಗಿದಿತ್ತು. ಆದರೆ ಇಷ್ಟು ವರ್ಷ ಶೇಡಬಾಳಕ್ಕೆ ಯಾವ ಮುನಿಗಳು ಬಂದರೂ ಆಹಾರ ಕೊಡುವಾಗ ತ್ರಿಶಲಾಳನ್ನು ಕರೆದು ನಿಲ್ಲಿಸುತ್ತಿದ್ದರು. ಅವಳ ಕಣ್ಣಿಗೆ ಕೂದಲು ತಪ್ಪುವುದಿಲ್ಲ, ಕಂಡದ್ದನ್ನು ಅವಳು ಮುಚ್ಚಿಡುವುದಿಲ್ಲ ಅಂತ ಊರಿಗೆಲ್ಲ ಗೊತ್ತು. ಮನಸ್ಸು ಇನ್ನೂ ಮಲಗಿತ್ತು, ಬಾಯಿ ಎದ್ದುಬಿಟ್ಟಿತು.

"ಅಂತರಾಯ" ಅಂದಳು ತ್ರಿಶಲಾ.

ಮಯೂರಿ ಬೊಗಸೆ ಬಿಚ್ಚಿದಳು. ಅನ್ನ ಪಾತ್ರೆಗೆ ಬಿತ್ತು. ಬಾಯಿ ಮುಕ್ಕಳಿಸಿ, ಕೈ ತೊಳೆದು, ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡು ಎದ್ದಳು. ಬಿಸಿಲು ಇನ್ನೂ ನೆತ್ತಿಗೂ ಬಂದಿರಲಿಲ್ಲ.

ವೃಷಭ ಕೆಂಡವಾದ. "ಅವ್ವಾ, ಸುಮ್ನ ತಗದ ಒಗದಿದ್ರ ಯಾರಿಗಿ ಗೊತ್ತಾಗತಿತ್ತ? ನಾಳಿ ತನಾ ಉಪವಾಸ ಬಿತ್ತಲ್ಲ ಅಕಿಗಿ!"

"ಅವ್ವಗ ಏನೂ ಅನಬ್ಯಾಡ" ಅಂದಳು ಮಯೂರಿ. "ಅವ್ವ ಹೇಳಿದ್ದು ಛಲೋ ಆತು." ಆಮೇಲೆ ತಾನೇ ಸೌಟು ಹಿಡಿದು ಮೂವರಿಗೂ ಬಡಿಸಿದಳು. ತ್ರಿಶಲಾ ತಟ್ಟೆಯ ಮುಂದೆ ಕೂತು ತನ್ನ ಬಾಯಿ ಏನು ಹೇಳಿತು ಅಂತ ನೆನೆಸಿಕೊಂಡಳು. ಮಗಳು ಇನ್ನೂ ಮಗಳೇ ಆಗಿದ್ದರೆ ತಾಯಿ ಕೂದಲು ತೆಗೆದು ತುತ್ತು ತಿನ್ನಿಸುತ್ತಾಳೆ. ತಾನು ಹಾಗೆ ಮಾಡಲಿಲ್ಲ, ಮುನಿಗಳಿಗೆ ಹೇಳುವ ಹಾಗೆ ಹೇಳಿಬಿಟ್ಟಿದ್ದಳು. ಅವಳು ಅನ್ನ ಮುಟ್ಟಲಿಲ್ಲ.

ತಿರುಗಿ ಬರುವ ದಾರಿಯಲ್ಲಿ ಕಾರಿನೊಳಗೆ ಕಾವು ತುಂಬಿತ್ತು. ಮಯೂರಿ ಅವ್ವನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ತುಟಿಗಳು ಒಣಗಿ ಬಿರಿದಿದ್ದವು. ತ್ರಿಶಲಾ ಆ ತುಟಿಗಳನ್ನೇ ನೋಡುತ್ತಿದ್ದಳು.

ಮುಂದಿನ ಸೀಟಿನಿಂದ ಶ್ರೇಣಿಕ ಮೆಲ್ಲಗೆ ಕೇಳಿದ. "ಸಂಘದವ್ರ ಫೋನ್ ಬಂದಿತ್ತ ತ್ರಿಶಲಾ. ಏನಂತ ಹೇಳಲಿ?"

"ಇನ್ನೇನ ಹೇಳೂದೈತ್ರಿ?" ಅಂದಳು. "ಎಲ್ಲಾರ ಮುಂದ ನಾನs ಹೇಳಿಬಿಟ್ನೆಲ್ಲ. ನನ್ನ ಕೂಸಿನ ಬಾಯಾಗಿನ ತುತ್ತ ನಾನs ಬಿಡಿಸಿದ್ನೆಲ್ರಿ."

ಅಷ್ಟು ಅಂದದ್ದೇ ತಡ, ಇಷ್ಟು ತಿಂಗಳು ಎಲ್ಲಿ ಅಡಗಿತ್ತೋ ಆ ಅಳು, ಒಮ್ಮೆಲೇ ಬಂತು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲದೆ, ದೊಡ್ಡ ದನಿ ತೆಗೆದು ಅತ್ತಳು. ವೃಷಭ ಗಾಬರಿಯಾಗಿ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದ. ಮಯೂರಿ ಎಚ್ಚೆತ್ತು ಅವ್ವನ ಬೆನ್ನು ಸವರಿದಳು. ಕೆಳಗಿದ್ದ ತಂಬಿಗೆಯ ಮುಚ್ಚಳ ತೆಗೆದು ಅವಳ ಬಾಯಿಗೆ ಹಿಡಿದಳು.

"ನೀರ ಕುಡಿಯವ್ವಾ" ಅಂದಳು.